ಖಾಲಿ ಉಳಿದ ಜಾಗ

ದೊಡ್ಡವರು ಕಸವೆಂದು ಕರೆಯುವುದನ್ನು ಮಕ್ಕಳು ನಿಧಿಯೆಂದು ಕರೆಯುತ್ತಾರೆ. ಇದು ಯಾವ ಒಂದು ದೇಶಕ್ಕೂ ಸೀಮಿತವಾದ ಮಾತಲ್ಲ. ಬೆಂಕಿಪೊಟ್ಟಣದ ಮೇಲಿನ ಚಿತ್ರ, ಬರಿದಾದ ಸಿಗರೇಟು ಪ್ಯಾಕು, ಲಕೋಟೆಯಿಂದ ನೀರಿನಲ್ಲಿ ನೆನೆಸಿ ಬಿಡಿಸಿದ ಅಂಚೆಚೀಟಿ, ಇವು ಒಂದು ಕಾಲಕ್ಕೆ ನಮ್ಮ ಊರುಗಳ ಹುಡುಗರಿಗೆ ನಾಣ್ಯಕ್ಕಿಂತ ಹೆಚ್ಚಿನ ಸಂಪತ್ತಾಗಿದ್ದವು. ಅಮೆರಿಕದ ಹುಡುಗರಿಗೆ ನೂರು ವರ್ಷಗಳಿಗೂ ಮೇಲ್ಪಟ್ಟು ಇದೇ ಸ್ಥಾನದಲ್ಲಿ ನಿಂತಿರುವುದು ಬೇಸ್‌ಬಾಲ್ ಕಾರ್ಡು.

ಕಾರ್ಡು ಎಂದರೆ ಹೆಚ್ಚೇನೂ ಅಲ್ಲ. ಅಂಗೈಯಲ್ಲಿ ಅಡಗುವ ಒಂದು ರಟ್ಟಿನ ತುಂಡು. ಮುಂದೆ ಒಬ್ಬ ಆಟಗಾರನ ಚಿತ್ರ. ಹಿಂದೆ ಯಾವುದೋ ಸರಕಿನ ಜಾಹೀರಾತು ಅಥವಾ ಆ ಆಟಗಾರನ ಊರು, ವಯಸ್ಸು, ಸಾಧನೆಗಳ ಅಂಕಿಗಳು. ಬೇಸ್‌ಬಾಲ್ ಆಟವೇ ನಮಗೆ ಅಷ್ಟು ಪರಿಚಿತವಲ್ಲ. ನಮ್ಮ ನಾಡಿನಲ್ಲಿ ಕ್ರಿಕೆಟ್ಟಿಗೆ ಯಾವ ಮರ್ಯಾದೆಯುಂಟೋ ಅಲ್ಲಿ ಅದಕ್ಕೆ ಆ ಮರ್ಯಾದೆ ಎಂದು ತಿಳಿದರೆ ಸದ್ಯಕ್ಕೆ ಸಾಕು. ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ತನಗೆ ಮೆಚ್ಚುಗೆಯಾದ ಇಂದಿನ ಆಟಗಾರನ ಚಿತ್ರವನ್ನು ಕೂಡಿಡುವುದು ಸಹಜ. ಆದರೆ ಅದೇ ಹುಡುಗ ತನ್ನ ಮುತ್ತಜ್ಜನ ಕಾಲದಲ್ಲಿ ಆಡಿ, ಸತ್ತು, ಮರೆತುಹೋದ ಒಬ್ಬನ ಮಾಸಿದ ಚಿತ್ರಕ್ಕಾಗಿ ತಿಂಗಳುಗಟ್ಟಲೆ ಹಣ ಉಳಿಸುವುದು, ಹಳೆಯ ಸಾಮಾನಿನ ಅಂಗಡಿಗಳನ್ನು ಅಲೆಯುವುದು ಏಕೆ? ಈ ಪ್ರಶ್ನೆಯ ಬೆನ್ನು ಹಿಡಿದು ಹೋದರೆ, ಸಂಗ್ರಹವೆಂಬ ಹವ್ಯಾಸದ ಒಂದು ಗುಟ್ಟು ಬಯಲಾಗುತ್ತದೆ. ಸಂಗ್ರಾಹಕನನ್ನು ನಡೆಸುವುದು ಅವನ ಬಳಿ ಇರುವ ವಸ್ತುವಲ್ಲ, ಇಲ್ಲದ ವಸ್ತು. ಆಲ್ಬಮ್ಮಿನ ತುಂಬಿದ ಪುಟಕ್ಕಿಂತ ಅದರಲ್ಲಿ ಖಾಲಿ ಉಳಿದ ಒಂದು ಜಾಗವೇ ಅವನ ನಿದ್ದೆಗೆಡಿಸುತ್ತದೆ. ಆ ಖಾಲಿ ಜಾಗದಲ್ಲಿ ಅವನು ಏನನ್ನು ತುಂಬುತ್ತಾನೆ ಎಂಬುದರ ಮೇಲೆ ಅವನ ಹವ್ಯಾಸದ ಯೋಗ್ಯತೆ ನಿಂತಿದೆ.

ಈ ಕಾರ್ಡುಗಳ ಹುಟ್ಟು ಅಷ್ಟೇನೂ ಪವಿತ್ರವಾದುದಲ್ಲ. ಮಕ್ಕಳ ಈ ಪ್ರೀತಿಯ ವಸ್ತು ಬಂದದ್ದು ತಂಬಾಕಿನ ಮನೆಯಿಂದ. 1880ರ ದಶಕದಲ್ಲಿ ಸಿಗರೇಟು ಸುತ್ತುವ ಯಂತ್ರಗಳು ಬಂದವು. ಕೈಯಿಂದ ಸುತ್ತುತ್ತಿದ್ದಾಗ ಅಪರೂಪವಾಗಿದ್ದ ಸರಕು ಈಗ ರಾಶಿ ರಾಶಿಯಾಗಿ ಹೊರಬಿತ್ತು. ಮಾರುವವರ ನಡುವೆ ಪೈಪೋಟಿ ಬೆಳೆಯಿತು. ತೆಳು ಕಾಗದದ ಪೊಟ್ಟಣ ಮುದುಡಿ ಸಿಗರೇಟು ಮುರಿಯದಿರಲೆಂದು ಒಳಗೆ ಒಂದು ರಟ್ಟಿನ ಚೂರು ಇಡುತ್ತಿದ್ದರು. ಹೇಗೂ ಇಡಬೇಕಾದ ರಟ್ಟಿನ ಮೇಲೆ ಚಿತ್ರವೊಂದನ್ನು ಅಚ್ಚುಹಾಕಿದರೆ ಗಿರಾಕಿ ಮತ್ತೆ ಬರುತ್ತಾನೆ ಎಂದು ಯಾರಿಗೋ ಹೊಳೆಯಿತು. ನಟಿಯರು, ಹಕ್ಕಿಗಳು, ದೇಶ ದೇಶಗಳ ಬಾವುಟಗಳು, ಅವುಗಳೊಡನೆ ಬೇಸ್‌ಬಾಲ್ ಆಟಗಾರರು ಆ ರಟ್ಟಿನ ಮೇಲೆ ಬಂದು ಕುಳಿತರು.

ನ್ಯೂಯಾರ್ಕಿನ ಗುಡ್ವಿನ್ ಕಂಪನಿ 1886ರಿಂದ 1890ರವರೆಗೆ ತನ್ನ 'ಓಲ್ಡ್ ಜಡ್ಜ್' ಸಿಗರೇಟಿನ ಜೊತೆಯಲ್ಲಿ ಕೊಟ್ಟ ಕಾರ್ಡುಗಳನ್ನು ನೋಡಿದರೆ ಇಂದು ನಗು ಬರುತ್ತದೆ. ಓಡುವ ವಸ್ತುವನ್ನು ಹಿಡಿಯುವ ಶಕ್ತಿ ಅಂದಿನ ಕ್ಯಾಮೆರಾಗಳಿಗೆ ಇರಲಿಲ್ಲ. ಆದುದರಿಂದ ಆಟಗಾರನನ್ನು ಸ್ಟುಡಿಯೋದಲ್ಲಿ ಪರದೆಯ ಮುಂದೆ ನಿಲ್ಲಿಸಿ, ಚೆಂಡನ್ನು ಮೇಲಿನಿಂದ ದಾರ ಕಟ್ಟಿ ತೂಗುಬಿಡುತ್ತಿದ್ದರು. ಆತ ಗಾಳಿಯಲ್ಲಿ ಬರುತ್ತಿರುವ ಚೆಂಡನ್ನು ಹಿಡಿಯುವವನಂತೆ ಕೈಚಾಚಿ ಅಲ್ಲಾಡದೆ ನಿಲ್ಲಬೇಕು. ಕೆಲವು ಕಾರ್ಡುಗಳಲ್ಲಿ ಆ ದಾರ ಇಂದಿಗೂ ಕಾಣುತ್ತದೆ. ಹಳೆಯ ಕಾರ್ಡುಗಳ ರುಚಿ ಹತ್ತಿದ ಹುಡುಗ ಮೊದಲು ಹುಡುಕುವುದು ಇಂಥ ದಾರಗಳನ್ನೇ. ಚಿತ್ರವೊಂದು ಹೇಗೆ ನಿಜ ಹೇಳುತ್ತದೆ, ಹೇಗೆ ಸುಳ್ಳು ಹೇಳುತ್ತದೆ ಎಂಬ ಮೊದಲ ಪಾಠ ಅವನಿಗೆ ಅಲ್ಲಿ ದೊರೆಯುತ್ತದೆ.

1890ರಲ್ಲಿ ಐದು ದೊಡ್ಡ ತಂಬಾಕು ಸಂಸ್ಥೆಗಳು ಸೇರಿ ಅಮೆರಿಕನ್ ಟೊಬ್ಯಾಕೊ ಕಂಪನಿ ಎಂಬ ಏಕಸ್ವಾಮ್ಯವಾಯಿತು. ಪೈಪೋಟಿ ಮಾಯವಾದಾಗ ಕಾರ್ಡಿನ ಆಮಿಷವೂ ಬೇಕಿಲ್ಲವಾಯಿತು. ಚಿತ್ರಗಳು ಬಹುಮಟ್ಟಿಗೆ ನಿಂತುಹೋದವು. ಮತ್ತೆ ಇಪ್ಪತ್ತನೆಯ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ, 1909ರಿಂದ 1911ರವರೆಗೆ, ಅದೇ ಕಂಪನಿ ತನ್ನ ಹಲವು ಬಗೆಯ ಸಿಗರೇಟುಗಳೊಂದಿಗೆ ಐನೂರಕ್ಕೂ ಹೆಚ್ಚು ಬೇರೆ ಬೇರೆ ಕಾರ್ಡುಗಳ ಮಾಲೆಯೊಂದನ್ನು ಹೊರತಂದಿತು. ಕಲ್ಲಚ್ಚಿನಲ್ಲಿ ಮೂಡಿಸಿದ ಬಣ್ಣದ ಚಿತ್ರಗಳು. ಹಿಂದೆ ಕಿತ್ತಳೆ, ಹಸುರು, ಸಂಜೆಗೆಂಪಿನ ಬಾನು. ಸುತ್ತ ಬಿಳಿಯ ಅಂಚು. ತಾವು ಸೇದಲಾರದ ಹುಡುಗರು ತಂಬಾಕಿನ ಅಂಗಡಿಯ ಬಾಗಿಲಲ್ಲಿ ಕಾದು ನಿಂತು, ಹೊರಬರುವ ಗಂಡಸರನ್ನು 'ಚಿತ್ರ ಬೇಡವಾದರೆ ನಮಗೆ ಕೊಡಿ' ಎಂದು ಬೇಡುತ್ತಿದ್ದರು. ದೊಡ್ಡವರ ಚಟದ ಹೊಗೆಯೊಳಗಿನಿಂದ ಮಕ್ಕಳ ಹವ್ಯಾಸವೊಂದು ಹೊರಬಂದದ್ದು ಹೀಗೆ.

ಈ ಮಾಲೆಯಲ್ಲಿಯೇ ಜಗತ್ಪ್ರಸಿದ್ಧವಾದ ಖಾಲಿ ಜಾಗವೊಂದುಂಟು. ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರ್ ಆ ಕಾಲದ ಮೇರು ಆಟಗಾರರಲ್ಲಿ ಒಬ್ಬ. ಅವನ ಚಿತ್ರ ಅಚ್ಚಾಗತೊಡಗಿತ್ತು. ಆದರೆ ಆತ ಒಪ್ಪಲಿಲ್ಲ. ಅವನ ಒಪ್ಪಿಗೆ ತಂದುಕೊಟ್ಟರೆ ಹತ್ತು ಡಾಲರು ಕೊಡುವುದಾಗಿ ಕಂಪನಿ ಪಿಟ್ಸ್‌ಬರ್ಗಿನ ಜಾನ್ ಗ್ರೂಬರ್ ಎಂಬ ಬರಹಗಾರನಿಗೆ ಹೇಳಿತ್ತಂತೆ. ವ್ಯಾಗ್ನರ್ ತನ್ನ ಚಿತ್ರ ಸಿಗರೇಟಿನ ಪೊಟ್ಟಣದಲ್ಲಿ ಇರುವುದು ಬೇಡವೆಂದು ತಿಳಿಸಿ, ಗ್ರೂಬರನಿಗೆ ಆದ ನಷ್ಟವನ್ನು ತುಂಬಲು ತನ್ನದೇ ಹತ್ತು ಡಾಲರಿನ ಚೆಕ್ಕನ್ನು ಕಳಿಸಿದ. ಈ ಸಂಗತಿ 1912ರಲ್ಲಿಯೇ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಮಕ್ಕಳು ತನ್ನ ಮುಖ ನೋಡಿ ತಂಬಾಕಿಗೆ ಮರುಳಾಗಬಾರದೆಂಬುದು ಅವನ ಇಚ್ಛೆಯಾಗಿತ್ತೆಂದು ಕೆಲವರು ಹೇಳುತ್ತಾರೆ. ತನ್ನ ಮುಖಕ್ಕೆ ತಕ್ಕ ಹಣ ಸಿಗಲಿಲ್ಲವೆಂಬ ಅಸಮಾಧಾನವಿದ್ದೀತೆಂದು ಮತ್ತೆ ಕೆಲವರು ಹೇಳುತ್ತಾರೆ. ವ್ಯಾಗ್ನರ್ ಸ್ವತಃ ತಂಬಾಕು ಅಗಿಯುತ್ತಿದ್ದವನು ಎಂಬುದೂ ನಿಜ. ಕಾರಣ ಯಾವುದೇ ಇರಲಿ, ಅವನ ಕಾರ್ಡು ನಿಂತಿತು. ಅಷ್ಟರಲ್ಲಿ ಹೊರಬಿದ್ದಿದ್ದವುಗಳಲ್ಲಿ ಇಂದು ಉಳಿದಿರುವುದು ಸುಮಾರು ಐವತ್ತು ಅರುವತ್ತು ಮಾತ್ರ. ಅವುಗಳಲ್ಲಿ ಒಂದು 2022ರಲ್ಲಿ ಎಪ್ಪತ್ತೆರಡೂವರೆ ಲಕ್ಷ ಡಾಲರಿಗೆ ಕೈ ಬದಲಾಯಿಸಿತು. 'ಬೇಡ' ಎಂಬ ಒಂದು ಮಾತಿಗೆ ಕಾಲ ಕೊಟ್ಟ ಬಡ್ಡಿ ಇದು.

ಇನ್ನೊಂದು ಖಾಲಿ ಜಾಗದ ಕಥೆಯಲ್ಲಿ ಇಷ್ಟು ಘನತೆಯಿಲ್ಲ, ಚಾತುರ್ಯವಿದೆ. 1933ನೆಯ ಇಸವಿ. ಅಮೆರಿಕ ಆರ್ಥಿಕ ಕುಸಿತದ ಆಳದಲ್ಲಿತ್ತು. ಬಾಸ್ಟನ್ನಿನ ಗೌಡಿ ಎಂಬ ಚ್ಯೂಯಿಂಗ್ ಗಮ್ ಕಂಪನಿ ಒಂದು ಸೆಂಟಿಗೆ ಒಂದು ಗಮ್ಮು, ಅದರೊಡನೆ ಒಂದು ಕಾರ್ಡು ಎಂದು ಮಾರತೊಡಗಿತು. ಕಾರ್ಡಿನ ಹಿಂದೆ ಕ್ರಮಸಂಖ್ಯೆ, ಒಟ್ಟು ಇನ್ನೂರನಲವತ್ತು. ಮಕ್ಕಳು ಸೆಂಟು ಸೆಂಟು ಕೂಡಿಸಿ ಕೊಂಡರು, ವಿನಿಮಯ ಮಾಡಿಕೊಂಡರು, ಎಣಿಸಿದರು. 105 ಇದೆ, 107 ಇದೆ. 106 ಮಾತ್ರ ಯಾರಿಗೂ ಸಿಗದು. ಒಂದು ಗಮ್ಮು ಇನ್ನೂ ಕೊಂಡರೆ ಸಿಕ್ಕೀತು ಎಂಬ ಆಸೆ. ನಿಜಾಂಶವೇನೆಂದರೆ ಆ ವರ್ಷ 106ನೆಯ ಸಂಖ್ಯೆಯ ಕಾರ್ಡು ಅಚ್ಚಾಗಿಯೇ ಇರಲಿಲ್ಲ. ಇಲ್ಲದ ವಸ್ತುವಿಗಾಗಿ ಬಡ ಮಕ್ಕಳ ಸೆಂಟುಗಳು ಅಂಗಡಿಯ ಪೆಟ್ಟಿಗೆಗೆ ಬೀಳುತ್ತಿದ್ದವು. ಕೊನೆಗೆ ಪತ್ರ ಬರೆದು ಕೇಳಿದವರಿಗೆಂದು ಕಂಪನಿ 1934ರಲ್ಲಿ ಆ ಸಂಖ್ಯೆಯನ್ನು ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸಿತು. ಅದರ ಮೇಲಿದ್ದವನು ನ್ಯಾಪ್ ಲಾಜೊವೆ. 1916ರಷ್ಟು ಹಿಂದೆಯೇ ಪ್ರಮುಖ ಲೀಗುಗಳ ಆಟದಿಂದ ಹೊರಗೆ ನಡೆದಿದ್ದ ಹಿರಿಯ ಆಟಗಾರ. ಪತ್ರ ಬರೆಯುವಷ್ಟು ಹಟವಿದ್ದ ಕೆಲವರಿಗೆ ಮಾತ್ರ ಅದು ದೊರೆಯಿತು. ಸಂಗ್ರಾಹಕನ ಹಸಿವನ್ನು ವ್ಯಾಪಾರ ಎಷ್ಟು ಚೆನ್ನಾಗಿ ಬಲ್ಲುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಖಾಲಿ ಜಾಗದಲ್ಲಿ ಆಸೆಯನ್ನು ಮಾತ್ರ ತುಂಬಿದರೆ ಲಾಭ ಇನ್ನೊಬ್ಬರದಾಗುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಳೆಯ ಕಾಗದವನ್ನು ಯುದ್ಧದ ಕೆಲಸಕ್ಕೆಂದು ಮನೆ ಮನೆಯಿಂದ ಸಂಗ್ರಹಿಸಿದಾಗ ಕಾರ್ಡುಗಳ ಕಟ್ಟುಗಳೂ ಹೋದವು. ಯುದ್ಧ ಮುಗಿದ ಮೇಲೆ ಬಬಲ್ ಗಮ್ಮಿನೊಡನೆ ಅವು ಮತ್ತೆ ಬಂದವು. ಇಂದಿನ ರೂಪವನ್ನು ಅವಕ್ಕೆ ಕೊಟ್ಟದ್ದು ಬ್ರೂಕ್ಲಿನ್ನಿನ ಟಾಪ್ಸ್ ಕಂಪನಿ. ಅಲ್ಲಿ ಕೆಲಸಕ್ಕಿದ್ದ ಸೈ ಬರ್ಗರ್ ಎಂಬ ತರುಣ 1952ರ ಮಾಲೆಯನ್ನು ತನ್ನ ಮನೆಯ ಅಡುಗೆಕೋಣೆಯ ಮೇಜಿನ ಮೇಲೆ ರೂಪಿಸಿದ. ಮುಂದೆ ದೊಡ್ಡ ಬಣ್ಣದ ಚಿತ್ರ, ತಂಡದ ಲಾಂಛನ, ಆಟಗಾರನ ಸಹಿ. ಹಿಂದೆ ಅವನ ಅಂಕಿಅಂಶ. ಈ ಮಾಲೆಯ ಒಟ್ಟು ನಾನೂರೇಳು ಕಾರ್ಡುಗಳು ಕಂತು ಕಂತಾಗಿ ಹೊರಬಂದವು. 311ರಿಂದ ಮುಂದಿನ ಕೊನೆಯ ಕಂತು ಅಂಗಡಿಗೆ ಬರುವ ಹೊತ್ತಿಗೆ ಬೇಸ್‌ಬಾಲಿನ ಋತುವೇ ಮುಗಿಯುತ್ತ ಬಂದಿತ್ತು. ಶಾಲೆಗಳು ತೆರೆದಿದ್ದವು, ಹುಡುಗರ ಮನಸ್ಸು ಫುಟ್‌ಬಾಲಿನ ಕಡೆಗೆ ಹೊರಳಿತ್ತು. ಮಾರಾಟವಾಗದ ಪೆಟ್ಟಿಗೆಗಳು ಗೋದಾಮಿನಲ್ಲಿ ವರ್ಷಗಟ್ಟಲೆ ಕೊಳೆತವು. ಯಾರಿಗೂ ಬೇಡವಾದ ಆ ಪೆಟ್ಟಿಗೆಗಳನ್ನು 1960ರಲ್ಲಿ ಕಸದ ದೋಣಿಗೆ ಹೇರಿಸಿ, ತಾನೇ ಜೊತೆಗೆ ಹೋಗಿ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಿ ಬಂದುದಾಗಿ ಬರ್ಗರ್ ಮುಂದೆ ಹೇಳಿಕೊಂಡಿದ್ದಾನೆ. ಆ ಕೊನೆಯ ಕಂತಿನ ಮೊದಲನೆಯ ಕಾರ್ಡು, ಅಂದರೆ 311, ಮಿಕಿ ಮ್ಯಾಂಟ್ಲ್ ಎಂಬ ಆಟಗಾರನದು. ಅದರ ಒಂದು ಪ್ರತಿ 2022ರ ಆಗಸ್ಟ್ ತಿಂಗಳಿನಲ್ಲಿ ಒಂದು ಕೋಟಿ ಇಪ್ಪತ್ತಾರು ಲಕ್ಷ ಡಾಲರಿಗೆ ಹರಾಜಾಯಿತು. ಸಮುದ್ರಕ್ಕೆ ಎಸೆದದ್ದರ ಬೆಲೆಯನ್ನು ಈಗ ಯಾರು ಲೆಕ್ಕ ಹಾಕಬೇಕು?

ಅದರ ಪಕ್ಕದ ಸಂಖ್ಯೆ, 312ನ್ನು, ಜನ ಅಷ್ಟಾಗಿ ಗಮನಿಸುವುದಿಲ್ಲ. ಅದು ಜಾಕಿ ರಾಬಿನ್ಸನ್‌ನ ಕಾರ್ಡು. ಇಲ್ಲಿ ನಾವು ಮೂರನೆಯ, ಎಲ್ಲಕ್ಕಿಂತ ದೊಡ್ಡದಾದ ಖಾಲಿ ಜಾಗದ ಮುಂದೆ ನಿಲ್ಲುತ್ತೇವೆ. 1909ರ ಮಾಲೆಯ ಐನೂರಕ್ಕೂ ಮಿಕ್ಕ ಚಿತ್ರಗಳನ್ನು ಸಾಲಾಗಿ ಹರಡಿಕೊಂಡು ನೋಡಿದ ಹುಡುಗನಿಗೆ, ಅವನು ಕಣ್ಣು ತೆರೆದು ನೋಡುವವನಾದರೆ, ಒಂದು ಸಂಗತಿ ಹೊಳೆಯಲೇಬೇಕು. ಅವುಗಳಲ್ಲಿ ಒಬ್ಬನೇ ಒಬ್ಬ ಕಪ್ಪು ಅಮೆರಿಕನ್ ಆಟಗಾರನಿಲ್ಲ. 1933ರ ಮಾಲೆಯಲ್ಲಿಯೂ ಇಲ್ಲ. ಅಂದು ಕಪ್ಪು ಜನ ಆಟವಾಡುತ್ತಿರಲಿಲ್ಲವೆ? ಆಡುತ್ತಿದ್ದರು, ಅದ್ಭುತವಾಗಿ ಆಡುತ್ತಿದ್ದರು. ಆದರೆ ಪ್ರಮುಖ ಲೀಗುಗಳ ಬಾಗಿಲು ಅವರಿಗೆ ಮುಚ್ಚಿತ್ತು. ಅವರದೇ ಬೇರೆ ಲೀಗುಗಳಿದ್ದವು. ಗಮ್ಮಿನ ಕಂಪನಿಗಳಿಗೆ ಅವರ ಮುಖಗಳು ಬೇಕಿರಲಿಲ್ಲ. ಆಸ್ಕರ್ ಚಾರ್ಲ್‌ಸ್ಟನ್ ಅಂಥ ಮಹಾ ಆಟಗಾರನ ಕಾರ್ಡನ್ನು ಹುಡುಕುವವರು ಅಮೆರಿಕವನ್ನು ಬಿಟ್ಟು ಕ್ಯೂಬಾಕ್ಕೆ ಹೋಗಬೇಕು. ಚಳಿಗಾಲದಲ್ಲಿ ಅಲ್ಲಿಗೆ ಆಡಲು ಹೋಗುತ್ತಿದ್ದವರ ಚಿತ್ರಗಳನ್ನು 1923-24ರ ಋತುವಿನಲ್ಲಿ ಅಲ್ಲಿಯ ಸಿಗರೇಟು ತಯಾರಕರು ಅಚ್ಚುಹಾಕಿದ್ದರು. ಸ್ವದೇಶದಲ್ಲಿ ಸಿಗದ ಒಂದು ಚದರ ಅಂಗುಲ ರಟ್ಟು ಪರದೇಶದಲ್ಲಿ ಸಿಕ್ಕಿತು.

ರಾಬಿನ್ಸನ್ 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ತಂಡದ ಪರವಾಗಿ ಅಂಗಳಕ್ಕೆ ಇಳಿದಾಗ ಆ ಬಾಗಿಲು ತೆರೆಯಿತು. ಆ ಬಾಗಿಲ ಹೊರಗೇ ತನ್ನ ಆಯುಷ್ಯವನ್ನು ಕಳೆದ ಜಾಷ್ ಗಿಬ್ಸನ್ ಅದೇ ವರ್ಷದ ಜನವರಿಯಲ್ಲಿ, ಮೂರೇ ತಿಂಗಳ ಹಿಂದೆ, ತೀರಿಕೊಂಡಿದ್ದ. ಆ ಲೀಗುಗಳ ದಾಖಲೆಗಳನ್ನು ಪ್ರಮುಖ ಲೀಗುಗಳ ದಾಖಲೆಯೊಡನೆ ಅಧಿಕೃತವಾಗಿ ಸೇರಿಸಿಕೊಂಡದ್ದು 2024ರಲ್ಲಿ. ಹಾಗೆ ಸೇರಿಸಿದಾಗ ಜೀವಮಾನದ ಬ್ಯಾಟಿಂಗ್ ಸರಾಸರಿಯ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬಂದುದು ಗಿಬ್ಸನ್‌ನ ಹೆಸರು. ಕಾರ್ಡುಗಳನ್ನು ಬರಿಯ ಬೊಂಬೆಗಳೆಂದು ನೋಡಿದವನಿಗೆ ಇದೆಲ್ಲ ಕಾಣುವುದಿಲ್ಲ. ಸಾಲಾಗಿ ಜೋಡಿಸಿ, ಯಾರು ಇದ್ದಾರೆ ಎಂದು ಎಣಿಸಿ, ಯಾರು ಇಲ್ಲ ಎಂದು ಕೇಳಿದವನಿಗೆ ಮಾತ್ರ ಕಾಣುತ್ತದೆ. ಶಾಲೆಯ ಚರಿತ್ರೆಯ ಪುಸ್ತಕದಲ್ಲಿ ಒಂದು ವಾಕ್ಯವಾಗಿ ಓದಿ ಮರೆಯುವ ಅನ್ಯಾಯವನ್ನು ಹುಡುಗನೊಬ್ಬ ತನ್ನದೇ ಕೈಯಿಂದ ಜೋಡಿಸಿದ ಸಾಲಿನಲ್ಲಿ ಕಂಡುಕೊಂಡರೆ ಅದು ಅವನನ್ನು ಜೀವಮಾನವಿಡೀ ಬಿಡುವುದಿಲ್ಲ.

ಇನ್ನು ಬೆಲೆಯ ಮಾತು. ಹಳೆಯ ಕಾರ್ಡುಗಳು ಏಕೆ ಇಷ್ಟು ದುಬಾರಿಯಾದವು ಎಂಬುದಕ್ಕೆ ಕಾರಣ ಸರಳ. ಮಕ್ಕಳು ಅವುಗಳೊಡನೆ ಆಡಿದರು. ಗೋಡೆಯ ಕಡೆಗೆ ಎಸೆದು, ಯಾರದು ಗೋಡೆಗೆ ಹತ್ತಿರ ಬಿತ್ತೋ ಅವನು ಎಲ್ಲವನ್ನೂ ಬಾಚಿಕೊಳ್ಳುವ ಪಂದ್ಯ ಕಟ್ಟಿದರು. ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಸೈಕಲ್ ಚಕ್ರದ ಕಡ್ಡಿಗಳಿಗೆ ತಾಗುವಂತೆ ಸಿಕ್ಕಿಸಿ, ಮೋಟಾರು ಸೈಕಲ್ಲಿನಂತೆ ಸದ್ದು ಮಾಡುತ್ತ ಬೀದಿ ಸುತ್ತಿದರು. ರಬ್ಬರ್ ಬ್ಯಾಂಡು ಹಾಕಿ ಅಂಚು ಮುರಿದರು. ಹುಡುಗರು ಬೆಳೆದು ಕಾಲೇಜಿಗೋ ಸೈನ್ಯಕ್ಕೋ ಹೋದ ಮೇಲೆ ತಾಯಂದಿರು ಕೋಣೆ ಗುಡಿಸಿ, ಷೂ ಪೆಟ್ಟಿಗೆಯಲ್ಲಿದ್ದ ಕಟ್ಟುಗಳನ್ನು ಹೊರಗೆ ಹಾಕಿದರು. ಅಮೆರಿಕದ ಒಂದು ತಲೆಮಾರಿನ ಗಂಡಸರು ಇಂದಿಗೂ ಅರ್ಧ ನಗುತ್ತ ಅರ್ಧ ಕೊರಗುತ್ತ ತಮ್ಮ ತಾಯಂದಿರ ಮೇಲೆ ಹೊರಿಸುವ ಆಪಾದನೆ ಇದು. ಆದರೆ ಆ ತಾಯಂದಿರು ಹಾಗೆ ಎಸೆಯದೆ ಇದ್ದಿದ್ದರೆ ಉಳಿದವುಗಳಿಗೆ ಬೆಲೆ ಎಲ್ಲಿಂದ ಬರುತ್ತಿತ್ತು?

ಈ ಪ್ರಶ್ನೆಗೆ ಉತ್ತರ 1980ರ ದಶಕದಲ್ಲಿ ದೊರೆಯಿತು. ಹಳೆಯ ಕಾರ್ಡುಗಳಿಗೆ ದೊಡ್ಡ ಬೆಲೆ ಬರುತ್ತಿದೆ ಎಂಬ ಸುದ್ದಿ ಹಬ್ಬಿದಾಗ ಹೊಸ ಕಾರ್ಡುಗಳನ್ನು ಕೊಂಡು ಕೂಡಿಡುವ ಹುಚ್ಚು ಹತ್ತಿತು. 1981ರಲ್ಲಿ ಟಾಪ್ಸ್‌ಗೆ ಎದುರಾಗಿ ಇನ್ನೂ ಎರಡು ಕಂಪನಿಗಳು ಬಂದವು. 1989ರಲ್ಲಿ ಬಂದ ಅಪ್ಪರ್ ಡೆಕ್ ಎಂಬ ಕಂಪನಿ, ಪ್ರಮುಖ ಲೀಗಿನಲ್ಲಿ ಇನ್ನೂ ಒಂದು ಪಂದ್ಯವನ್ನೂ ಆಡಿರದ ಹತ್ತೊಂಬತ್ತರ ತರುಣ ಕೆನ್ ಗ್ರಿಫಿ ಜೂನಿಯರನನ್ನು ತನ್ನ ಮೊದಲನೆಯ ಸಂಖ್ಯೆಯ ಕಾರ್ಡಿನ ಮೇಲೆ ಅಚ್ಚುಹಾಕಿತು. ಭವಿಷ್ಯದ ಮೇಲೆ ಪಣವಿಡುವುದೇ ಹವ್ಯಾಸವಾಯಿತು. ತಂದೆತಾಯಿಗಳು ಮಕ್ಕಳ ಕಾಲೇಜಿನ ಖರ್ಚಿಗೆಂದು ಪೆಟ್ಟಿಗೆಗಟ್ಟಲೆ ಕೊಂಡು, ಮೇಣದ ಕಾಗದವನ್ನು ಒಡೆಯದೆ ಅಟ್ಟದ ಮೇಲೆ ಇಟ್ಟರು. ಯಾರೂ ಸೈಕಲ್ಲಿಗೆ ಸಿಕ್ಕಿಸಲಿಲ್ಲ, ಯಾರೂ ಗೋಡೆಗೆ ಎಸೆಯಲಿಲ್ಲ, ಯಾವ ತಾಯಿಯೂ ಗುಡಿಸಲಿಲ್ಲ. 1994ರ ಆಗಸ್ಟ್ 12ರಂದು ಆಟಗಾರರು ಮುಷ್ಕರ ಹೂಡಿದರು; ಆ ವರ್ಷದ ವಿಶ್ವ ಸರಣಿಯೇ ನಡೆಯಲಿಲ್ಲ. ಉಬ್ಬಿದ ಮಾರುಕಟ್ಟೆ ಇಳಿಯಿತು. ಎಲ್ಲರ ಮನೆಯಲ್ಲಿಯೂ ಹೊಸದರಂತೆ ಹೊಳೆಯುವ ಕಾರ್ಡುಗಳಿದ್ದುದರಿಂದ ಅವುಗಳಲ್ಲಿ ಬಹುಪಾಲು ಅಚ್ಚಿನ ಬೆಲೆಯನ್ನೂ ಉಳಿಸಿಕೊಳ್ಳಲಿಲ್ಲ. ಪ್ರೀತಿಸಿ ಹಾಳು ಮಾಡಿದವುಗಳು ಅಮೂಲ್ಯವಾದವು. ಲಾಭಕ್ಕೆಂದು ಜೋಪಾನ ಮಾಡಿದವುಗಳು ರದ್ದಿಯಾದವು. ಲೋಭದ ಮೇಲೆ ಎಷ್ಟೋ ನೀತಿಕಥೆಗಳಿವೆ. ಇಷ್ಟು ಅಚ್ಚುಕಟ್ಟಾದ ಕಥೆ ಅಪರೂಪ.

ಬೆಲೆಯ ಹಿಂದೆ ಬರುವ ಇತರ ನೆರಳುಗಳೂ ಬಂದವು. ಕಾರ್ಡಿನ ಮೂಲೆ ಎಷ್ಟು ಚೂಪು, ಚಿತ್ರ ಎಷ್ಟು ನಡುವಿನಲ್ಲಿದೆ ಎಂದು ಅಳೆದು ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಪ್ಲಾಸ್ಟಿಕ್ಕಿನ ಗಟ್ಟಿ ಪೆಟ್ಟಿಗೆಯೊಳಗೆ ಮುಚ್ಚಿ ಮುದ್ರೆಯೊತ್ತುವ ಸಂಸ್ಥೆಗಳು ಹುಟ್ಟಿದವು. ಹೋನಸ್ ವ್ಯಾಗ್ನರನ ಅತಿ ಸುಂದರವೆನಿಸಿದ ಒಂದು ಪ್ರತಿ 2007ರಲ್ಲಿ ಇಪ್ಪತ್ತೆಂಟು ಲಕ್ಷ ಡಾಲರಿಗೆ ಮಾರಾಟವಾಗಿತ್ತು. ಅದರ ಅಂಚು ಅಷ್ಟು ನೇರವಾಗಿರಲು ಕಾರಣ ತಾನು ಹಿಂದೆ ಅದನ್ನು ಕತ್ತರಿಸಿದ್ದುದೇ ಎಂದು ಅದನ್ನು ಮೊದಲು ಮಾರಿದ್ದ ವ್ಯಾಪಾರಿ 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ. ಮುಟ್ಟಿದರೆ ಬೆಲೆ ಇಳಿಯುವ ವಸ್ತು, ಕತ್ತರಿಸಿದರೆ ಬೆಲೆ ಏರಿದ್ದು ವಿಚಿತ್ರವಲ್ಲವೆ?

ಹಾಗಾದರೆ ಈ ಗೀಳಿಗೆ ಬಿದ್ದ ಎಳೆಯನಿಗೆ ಇರುವ ದಾರಿ ಎರಡೇ ಏನು? ಆಡಿ ಹಾಳುಮಾಡುವುದು, ಇಲ್ಲವೆ ಲಾಭಕ್ಕೆಂದು ಬಚ್ಚಿಡುವುದು? ಮೂರನೆಯ ದಾರಿಯೊಂದಿದೆ. ಅದನ್ನು ನಡೆದು ತೋರಿಸಿದವನ ಹೆಸರು ಜೆಫರ್ಸನ್ ಬರ್ಡಿಕ್.

ಆತ 1900ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ಹುಟ್ಟಿದ. ಸುಮಾರು ಹತ್ತು ವರ್ಷದವನಾಗಿದ್ದಾಗ, ಅಂದರೆ ವ್ಯಾಗ್ನರನ ಮಾಲೆ ಅಂಗಡಿಗಳಲ್ಲಿದ್ದ ದಿನಗಳಲ್ಲಿಯೇ, ಅವನಿಗೆ ಈ ಹವ್ಯಾಸ ಅಂಟಿತು. ಮುಂದೆ ಸಿರಾಕ್ಯೂಸ್ ನಗರದಲ್ಲಿ ವಿದ್ಯುತ್ ಸಾಮಗ್ರಿಗಳ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಜೋಡಿಸುವ ಕೆಲಸ. ಮದುವೆಯಾಗಲಿಲ್ಲ. ಹಣವೂ ಹೆಚ್ಚು ಇರಲಿಲ್ಲ. ನಡುವಯಸ್ಸಿಗೆ ಮೊದಲೇ ಸಂಧಿವಾತ ಹಿಡಿದು ಕೈಬೆರಳುಗಳು ಸೊಟ್ಟಗಾಗತೊಡಗಿದವು. ಸಣ್ಣ ಕಾಗದಗಳನ್ನು ಹಿಡಿಯುವುದೇ ಜೀವನದ ಸುಖವಾದವನಿಗೆ ಬರಬಾರದ ರೋಗ ಅದು. ಬೇಸ್‌ಬಾಲಿನ ಮೇಲೆ ವಿಶೇಷ ಮೋಹವಿದ್ದವನೂ ಅಲ್ಲ. ಅಂಚೆ ಕಾರ್ಡು, ಶುಭಾಶಯ ಪತ್ರ, ಅಂಗಡಿಗಳು ಹಂಚುತ್ತಿದ್ದ ಬಣ್ಣದ ಜಾಹೀರಾತು, ಹೀಗೆ ಸಾಮಾನ್ಯ ಜನ ನೋಡಿ ಬಿಸಾಡುವ ಅಚ್ಚಿನ ಕಾಗದವೆಲ್ಲ ಅವನಿಗೆ ಬೇಕು. ಅರಮನೆಗಳ ಚಿತ್ರಗಳನ್ನು ಕಾಪಾಡಲು ಅರಸರಿದ್ದರು. ಜನಸಾಮಾನ್ಯರ ಚಿತ್ರಗಳನ್ನು ಕಾಪಾಡುವವರು ಯಾರು ಎಂಬುದು ಅವನ ಬಾಳಿನ ಪ್ರಶ್ನೆಯಾಗಿತ್ತೆಂದು ತೋರುತ್ತದೆ.

ಇತರರು ಕೂಡಿಟ್ಟರು, ಬರ್ಡಿಕ್ ಕ್ರಮಗೊಳಿಸಿದ. 1937ರಲ್ಲಿ ಸಂಗ್ರಾಹಕರಿಗಾಗಿ ಸಣ್ಣ ಪತ್ರಿಕೆಯೊಂದನ್ನು ಆರಂಭಿಸಿದ. 1939ರಲ್ಲಿ, ಅಲ್ಲಿಯವರೆಗೆ ಹೆಸರೂ ವಿಳಾಸವೂ ಇಲ್ಲದೆ ಚದುರಿಹೋಗಿದ್ದ ಈ ಕಾರ್ಡುಗಳಿಗೆಲ್ಲ ಒಂದು ಸೂಚಿಯನ್ನು ಪ್ರಕಟಿಸಿದ. ಹತ್ತೊಂಬತ್ತನೆಯ ಶತಮಾನದ ತಂಬಾಕಿನ ಕಾರ್ಡುಗಳಿಗೆ ಎನ್ ಅಕ್ಷರ, ಇಪ್ಪತ್ತನೆಯ ಶತಮಾನದವಕ್ಕೆ ಟಿ, ಮಿಠಾಯಿಯೊಡನೆ ಬಂದ ಹಳೆಯವಕ್ಕೆ ಇ, ಅನಂತರದ ಗಮ್ಮಿನ ಕಾರ್ಡುಗಳಿಗೆ ಆರ್. ಮುಂದೆ ಒಂದು ಸಂಖ್ಯೆ. ವ್ಯಾಗ್ನರ್ ಇದ್ದ ಮಾಲೆಗೆ ಆತ ಕೊಟ್ಟ ಗುರುತು ಟಿ206. ಇಂದಿಗೂ ಲಕ್ಷಾಂತರ ಡಾಲರಿನ ಹರಾಜಿನಲ್ಲಿ ಆ ಕಾರ್ಡನ್ನು ಕರೆಯುವುದು ಇದೇ ಹೆಸರಿನಿಂದ. ಬರ್ಡಿಕ್‌ನ ಸೂಚಿಯಲ್ಲಿ ಸಾಮಾನ್ಯ ಕಾರ್ಡುಗಳ ಬೆಲೆ ಕೆಲವು ಸೆಂಟುಗಳು ಮಾತ್ರ. ವ್ಯಾಗ್ನರನಿಗೆ ಮಾತ್ರ ಐವತ್ತು ಡಾಲರು.

1947ರಲ್ಲಿ ಆತ ತನ್ನ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ದಾನವಾಗಿ ಕೊಡತೊಡಗಿದ. ಮುದ್ರಿತ ಚಿತ್ರಗಳ ವಿಭಾಗದ ಮುಖ್ಯಸ್ಥ ಹಯಟ್ ಮೇಯರ್ ರೆಂಬ್ರಾಂಟನ ಚಿತ್ರಗಳ ನೆರೆಯಲ್ಲಿ ಸಿಗರೇಟಿನ ರಟ್ಟುಗಳಿಗೆ ಎಡೆ ಕೊಟ್ಟ ವಿಶಾಲ ಮನಸ್ಸಿನವನು. ಮೂರು ಲಕ್ಷಕ್ಕೂ ಮೀರಿದ ವಸ್ತುಗಳು ಅವು. ಬೇಸ್‌ಬಾಲ್ ಕಾರ್ಡುಗಳೇ ಸುಮಾರು ಮೂವತ್ತು ಸಾವಿರ. ಎಲ್ಲವನ್ನೂ ವಿಂಗಡಿಸಿ ಆಲ್ಬಮ್ಮುಗಳಲ್ಲಿ ಅಂಟಿಸುವ ಕೆಲಸವನ್ನು ಬರ್ಡಿಕ್ ತಾನೇ ವಹಿಸಿಕೊಂಡ. 1959ರಲ್ಲಿ ನ್ಯೂಯಾರ್ಕಿಗೇ ಬಂದು ನೆಲಸಿ, ಸಂಗ್ರಹಾಲಯದ ಮೇಜೊಂದರ ಮುಂದೆ ಕುಳಿತು, ಬಾಗದ ಬೆರಳುಗಳಿಂದ ಒಂದೊಂದಾಗಿ ಅಂಟಿಸುತ್ತ ಹೋದ. ರೋಗ ಮುಂದೆ ಓಡುತ್ತಿತ್ತು. ಕೆಲಸ ಅದರ ಹಿಂದೆ ಓಡುತ್ತಿತ್ತು. 1963ರ ಜನವರಿ 10ರಂದು ಸಂಜೆ ಕೊನೆಯ ಚೀಟಿಯನ್ನು ಅಂಟಿಸಿ ಮುಗಿಸಿ, ತಾನು ಇನ್ನು ಬರುವುದಿಲ್ಲವೆಂದು ಹೇಳಿ ಎದ್ದು ಹೋದ. ಮರುದಿನ ಆಸ್ಪತ್ರೆ ಸೇರಿದ. ಮಾರ್ಚ್ 13ರಂದು ತೀರಿಕೊಂಡ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅಂಟು ಹಚ್ಚಿದ ಕಾರ್ಡಿಗೆ ಮಾರುಕಟ್ಟೆಯಲ್ಲಿ ಬೆಲೆ ಬಿದ್ದುಹೋಗುತ್ತದೆ. ಬರ್ಡಿಕ್ ತನ್ನ ಕೈಯಾರೆ ಮೂರು ಲಕ್ಷ ವಸ್ತುಗಳನ್ನು ಮಾರಾಟದ ಲೋಕದಿಂದ ಹೊರಗೆ ತೆಗೆದು, ನೋಡುವ ಲೋಕದಲ್ಲಿ ಇಟ್ಟ. ಅವನ ವ್ಯಾಗ್ನರನೂ ಅಲ್ಲಿಯೇ ಇದ್ದಾನೆ. ಆಸಕ್ತಿಯಿದ್ದ ಯಾವ ಹುಡುಗನಾದರೂ ಕೈಯಲ್ಲಿ ಕಾಸಿಲ್ಲದೆ ಈ ಸಂಗ್ರಹದ ಚಿತ್ರಗಳನ್ನು ಅಭ್ಯಾಸ ಮಾಡಬಹುದು.

ಹಳೆಯ ಕಾರ್ಡುಗಳ ಮೋಹ ಹಿಡಿದ ಇಂದಿನ ಎಳೆಯರೆಲ್ಲ ಕೋಟಿಯ ಕನಸು ಕಾಣುವವರಲ್ಲ. ಮೂಲೆ ಸವೆದ, ನಡುವೆ ಮಡಿಕೆ ಬಿದ್ದ, ಹೆಸರು ಕೇಳದ ಆಟಗಾರನ ನೂರು ವರ್ಷ ಹಳೆಯ ಕಾರ್ಡು ನೂರು ಡಾಲರಿಗೂ ಕಡಿಮೆಗೆ ಈಗಲೂ ಸಿಗುತ್ತದೆ. ಅಂಥದನ್ನು ಬೇಕೆಂದು ಆರಿಸಿ ಕೊಳ್ಳುವವರಿದ್ದಾರೆ. ಆ ಮಡಿಕೆ ಯಾವನೋ ಹುಡುಗನ ಜೇಬಿನದು. ಆ ಸವೆತ ಯಾವುದೋ ಬೇಸಗೆಯ ಪಂದ್ಯದ್ದು. ಅದನ್ನು ಕೈಯಲ್ಲಿ ಹಿಡಿದವನು ಆಟಗಾರನ ಹೆಸರನ್ನು ಹುಡುಕುತ್ತಾನೆ, ಅವನ ತಂಡವಿದ್ದ ಊರನ್ನು ಭೂಪಟದಲ್ಲಿ ನೋಡುತ್ತಾನೆ, ಅಚ್ಚಿನ ವಿಧಾನವನ್ನು ವಿಚಾರಿಸುತ್ತಾನೆ, ಇಲ್ಲದವರ ಲೆಕ್ಕ ಕೇಳುತ್ತಾನೆ. ಖಾಲಿ ಜಾಗದಲ್ಲಿ ಅವನು ತುಂಬುವುದು ಹಣವನ್ನಲ್ಲ, ತಿಳಿವನ್ನು. ಆ ತಿಳಿವಿಗೆ ಮುಷ್ಕರವಿಲ್ಲ, ಮಾರುಕಟ್ಟೆಯ ಇಳಿತವಿಲ್ಲ.

ಆದುದರಿಂದ ನಮ್ಮ ಮನೆಗಳಲ್ಲಿ ಮಗನೋ ಮೊಮ್ಮಗಳೋ ಯಾವುದೋ ಚೂರು ಪಾರುಗಳನ್ನು ಡಬ್ಬಿಯಲ್ಲಿ ತುಂಬಿ ಕಾಪಾಡುತ್ತಿದ್ದರೆ, ಎಸೆಯುವ ಮೊದಲು ಒಂದು ಗಳಿಗೆ ಪಕ್ಕದಲ್ಲಿ ಕುಳಿತುಕೊಳ್ಳುವುದು ಒಳ್ಳೆಯದು. ಇದರ ಬೆಲೆಯೆಷ್ಟು ಎಂದು ಕೇಳಬೇಕಾಗಿಲ್ಲ. ಇದರಲ್ಲಿ ಯಾವುದು ಇನ್ನೂ ಸಿಕ್ಕಿಲ್ಲ ಎಂದು ಕೇಳಿದರೆ ಸಾಕು. ಮಿಕ್ಕದ್ದನ್ನು ಮಗುವೇ ಹೇಳುತ್ತದೆ.